ಕೊಂಬು ಉದುರಿದ ಕೆಂಪು ಮಣಿ

ಕುದುರೆಗಳಿಗೆ ರೆಕ್ಕೆಯಿದ್ದ ಕಾಲದಲ್ಲಿ ಸರಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಪ್ರತಿ ಜೀವಿಗೂ ಅರಮನೆಯಲ್ಲಿ ಒಂದು ಎರಡೆಳೆಯ ಮಣಿಸರ. ಸರ ಹೇಗೋ ಜೀವವೂ ಹಾಗೆ. ಒಂದೆಳೆಯ ಕೆಂಪು ಮಣಿ ಇನ್ನೊಂದೆಳೆಯ ಹಳದಿಯ ಕೈ ಹಿಡಿಯಬೇಕು, ನೀಲಿ ಬಿಳಿಯ ಕೈ ಹಿಡಿಯಬೇಕು. ಅದು ಮಣಿಗಳ ಮದುವೆಯ ಕಟ್ಟಳೆ. ಮರಿ ಹುಟ್ಟುವ ಮುನ್ನ ತಾಯಿಯ ಸರದ ಎಳೆಗಳನ್ನು ಬಿಡಿಸಿ, ಒಂದೊಂದಕ್ಕೂ ಹೊಸ ಜೋಡಿಯೆಳೆ ಪೋಣಿಸುತ್ತಿದ್ದರು. ಹಾಗೆ ಆದ ಎರಡು ಸರಗಳಲ್ಲಿ ಒಂದು ತಾಯಿಗೆ, ಒಂದು ಮರಿಗೆ.

ಆ ರಾಜ್ಯವನ್ನು ಕಂಡರೆ ಕಾವಳನೆಂಬ ಮಾಂತ್ರಿಕನಿಗೆ ಹೊಟ್ಟೆಯುರಿ. ಪಾಪ, ಅವನಿಗೆ ಹಾರಲು ಬರುತ್ತಿರಲಿಲ್ಲ. ಅವನ ಬಿಸಿಯುಸಿರು ತಾಗಿದರೆ ಕೆಂಪು ಮಣಿಯ ಪುಟ್ಟ ಕೊಂಬು ಉದುರುತ್ತಿತ್ತು. ಕೊಂಬಿಲ್ಲದ ಮಣಿ ಹೊಸ ಜೋಡಿಯಾಗಿ ಹಳದಿಯ ಬದಲು ಬಿಳಿಯನ್ನು ಆರಿಸಿಕೊಳ್ಳುತ್ತಿತ್ತು. ಮುಂದಿನ ಸಲ ಎಳೆ ಬಿಡಿಸಿದಾಗ ಆ ಬಿಳಿ ಕಟ್ಟಳೆಯಂತೆ ನೀಲಿಯನ್ನು ಕರೆತರುತ್ತಿತ್ತು. ಆಮೇಲೆ ಆ ತಪ್ಪು ಯಾರ ಕಣ್ಣಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. ಮೇಘಿ ಎಂಬ ಕುದುರೆಯ ಮೊದಲ ಮರಿ ರೆಕ್ಕೆಯಿಲ್ಲದೆ ಹುಟ್ಟಿದ್ದು ಹೀಗೇ. ಈಗ ಮೇಘಿ ಮತ್ತೆ ಗಬ್ಬವಾಗಿದ್ದಳು. ಕಾವಳ ಮತ್ತೆ ಬಂದಿದ್ದ. ಅವನು ಮಾಡಿದ ಕೇಡನ್ನು ಯಾರಾದರೂ ಒಮ್ಮೆ ಸರಿಪಡಿಸಿದರೂ ಸಾಕು, ಅವನೇ ಆವಿಯಾಗಿಬಿಡುವ ಶಾಪ ಅವನಿಗಿತ್ತು.

ಮೇಘಿಯ ಸರವನ್ನು ಕಾಯಲು ರಾಜಕುಮಾರ ಉದಯಸೇನ ಅರಮನೆಯ ಸರದ ಮನೆಗೆ ಹೋದ. ಅಲ್ಲಿ ಮೊದಲು ಬಿಸಿಲುಗಣ್ಣಿನ ಹಾವು ಅಡ್ಡ ಬಂತು. ಅದು ನೋಡಿದೊಡನೆ ಸರದ ಒಂದೆಳೆಯಲ್ಲಿ ಪಕ್ಕಪಕ್ಕದ ಎರಡು ನೀಲಿ ಮಣಿ ಒಂದಕ್ಕೊಂದು ಅಂಟಿಕೊಂಡವು. ಕುಮಾರ ಹಾವನ್ನು ಓಡಿಸಿ, ಅವೆರಡನ್ನೂ ಕತ್ತರಿಸಿ ತೆಗೆದು, ಎದುರೆಳೆಯ ಬಿಳಿಗಳನ್ನು ನೋಡಿಕೊಂಡು ಹೊಸ ನೀಲಿ ಪೋಣಿಸಿದ. ಆಮೇಲೆ ಹೊಗೆಹದ್ದು ಹಳದಿ ಮಣಿಯೊಂದಕ್ಕೆ ಮಸಿ ಮೆತ್ತಿತು. ಅವನು ಹದ್ದನ್ನು ಅಟ್ಟಿ ಮಸಿ ಒರೆಸಿದ.

ಮೂರನೆಯದಾಗಿ ಕಾವಳನೇ ಎದುರಾದ. ಆಗಲೇ ಒಂದು ಕೆಂಪು ಮಣಿಯ ಕೊಂಬು ಉದುರಿತ್ತು. ಅದು ಹಳದಿಯ ಕೈಯನ್ನು ಹಿಡಿದೂ ಹಿಡಿಯದಂತೆ ನೇತಾಡುತ್ತಿತ್ತು.

“ಈ ಜೋಡಿ ಹೊಂದುವುದಿಲ್ಲ ಕುಮಾರ,” ಎಂದ ಕಾವಳ ಬೆಣ್ಣೆಯಂಥ ಮಾತಿನಲ್ಲಿ. “ಹಳದಿಯನ್ನು ಕಿತ್ತು ಬಿಳಿಯನ್ನು ಹಾಕು, ಎಲ್ಲ ಸರಿಹೋಗುತ್ತದೆ.”

ಕುಮಾರನ ಕೈ ಹಳದಿಯವರೆಗೂ ಹೋಯಿತು. ಅಲ್ಲಿ ನಿಂತಿತು. ಹಳದಿಯ ಮೈಮೇಲೆ ಒಂದು ಗೀರೂ ಇರಲಿಲ್ಲ.

“ಗಾಯವಾದದ್ದು ಕೆಂಪಿಗೆ,” ಎಂದ ಅವನು. “ಹಳದಿಯನ್ನೇಕೆ ಮನೆ ಬಿಡಿಸಲಿ?”

ಕೊಂಬಿಲ್ಲದ ಮಣಿಯನ್ನು ತೆಗೆದು ಹೊಸ ಕೆಂಪನ್ನು ಕೂಡಿಸಿದ. ಹಳದಿ ಅದರ ಕೈ ಹಿಡಿಯಿತು. ಕಾವಳ ಅನ್ನದ ತಪ್ಪಲೆಯ ಹಬೆಯಂತೆ ಮೇಲೆದ್ದು ಕರಗಿಹೋದ. ಅಂತೂ ಅವನಿಗೂ ಹಾರಲು ಬಂತು.

ಮೇಘಿಗೆ ರೆಕ್ಕೆಯ ಮರಿ ಹುಟ್ಟಿತು. ಮೊದಲು ಹುಟ್ಟಿದ್ದ ಅಕ್ಕನಿಗೆ ರೆಕ್ಕೆ ಬರಲಿಲ್ಲ. ಎಂದೋ ನೆಲೆನಿಂತ ತಪ್ಪು ಅದು. ಆದರೆ ಅಕ್ಕ ಬಯಲಲ್ಲಿ ಓಡುವಾಗ ತಂಗಿ ಅವಳ ತಲೆಯ ಮೇಲೇ ನೆರಳಾಗಿ ಹಾರುತ್ತಿದ್ದಳು, ಒಂದು ದಿನವೂ ಅವಳನ್ನು ಬಿಟ್ಟು ಮುಂದೆ ಹೋಗಲಿಲ್ಲ. ಅದನ್ನು ನೋಡುತ್ತ ಸರಗಿರಿಯವರೆಲ್ಲ ನೂರ್ಕಾಲ ಸುಖವಾಗಿ ಬಾಳಿದರು.