ಕೆಂಪು ಟೇಪಿನ ಬ್ಯಾಟರಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಹುಮಹಡಿ ಕಟ್ಟಡವೊಂದರ ಸೈಟ್ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಸೈಟ್ ಆಫೀಸಿನಿಂದ ವಾಕಿಟಾಕಿಗಳ ಹದಿನಾಲ್ಕು ರೀಚಾರ್ಜ್ ಬ್ಯಾಟರಿಗಳು ಕಳುವಾಗಿವೆ, ಎಲ್ಲವೂ ಸುಸ್ಥಿತಿಯಲ್ಲಿದ್ದವು ಎಂದು ಅದರಲ್ಲಿತ್ತು.

"ಕಳ್ಳನ್ನ ಹುಡುಕೋ ತೊಂದರೆಯೆಲ್ಲ ಬೇಡ ಸಾರ್. ಎಫ್‌ಐಆರ್ ಕಾಪಿ ಕೊಟ್ರೆ ಸಾಕು. ಅದಿಲ್ಲದೆ ಹೆಡ್ ಆಫೀಸಿನವರು ಹೊಸದು ಕೊಡಲ್ಲ."

ಇನ್ಸ್‌ಪೆಕ್ಟರ್‌ಗೆ ಮೈ ಉರಿಯಿತು. ಎರಡು ವಾರದ ಹಿಂದೆ ಇದೇ ಸೈಟಿನಲ್ಲಿ, ಕ್ರೇನ್ ಇಳಿಸುತ್ತಿದ್ದ ಕಬ್ಬಿಣದ ಕಂಬಿಗಳ ಕಟ್ಟಿನಡಿ ಸಿಕ್ಕಿ ಸಿಗ್ನಲ್‌ಮನ್ ಒಬ್ಬ ಸತ್ತಿದ್ದ. ಮೇಲೆ ಕೂತ ಕ್ರೇನ್ ಆಪರೇಟರ್‌ಗೆ ನೆಲ ಕಾಣುವುದಿಲ್ಲ. ಇಳಿಸು, ನಿಲ್ಲಿಸು ಎಂದು ಕೆಳಗಿನಿಂದ ವಾಕಿಟಾಕಿಯಲ್ಲಿ ಹೇಳುವುದೇ ಸಿಗ್ನಲ್‌ಮನ್ ಕೆಲಸ. ಸತ್ತವನು ನಿಲ್ಲಿಸು ಎನ್ನಲೇ ಇಲ್ಲ, ತಪ್ಪು ಅವನದೇ ಎಂದು ಇದೇ ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ. ಆ ಫೈಲು ಇನ್ನೂ ಮೇಜಿನ ಮೇಲೆ ಬಿದ್ದಿತ್ತು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳ ಪರಿಶೀಲನೆಗೆ ಹೋದರು. ಬೀಗ ಒಡೆದಿರಲಿಲ್ಲ. ಬೆಲೆಬಾಳುವ ವಾಕಿಟಾಕಿಗಳು ಅಲ್ಲೇ ಇದ್ದವು, ಚಾರ್ಜರುಗಳೂ ಇದ್ದವು. ಹೋಗಿದ್ದು ಬ್ಯಾಟರಿ ಮಾತ್ರ. ಗೇಟ್ ಕಾವಲುಗಾರನ ವಾಕಿಟಾಕಿ ಸೆಟ್ಟಿನಲ್ಲಿದ್ದ ಒಂದೇ ಒಂದು ಉಳಿದುಕೊಂಡಿತ್ತು, ಅದೂ ಖಾಲಿ. ಇನ್ಸ್‌ಪೆಕ್ಟರ್ ಅದನ್ನು ಚಾರ್ಜರಿಗೆ ಹಾಕಿಸಿದರು. ಟೀ ಕುಡಿದು ಮುಗಿಸುವುದರೊಳಗೆ ಹಸಿರು ದೀಪ ಹತ್ತಿತು.

"ನೋಡಿ ಸಾರ್, ಎಷ್ಟು ಬೇಗ ಫುಲ್ಲು!" ಎಂದು ಮ್ಯಾನೇಜರ್ ಬೀಗಿದ.

ಹೆಡ್ ಕಾನ್‌ಸ್ಟೇಬಲ್ ಅದನ್ನು ಸೆಟ್ಟಿಗೆ ಹಾಕಿ, ಗುಂಡಿ ಒತ್ತಿ ಹಲೋ ಎಂದ. ಮೂರನೇ ಹಲೋಗೆ ಸೆಟ್ಟು ಕೀ ಎಂದು ಬಾಯಿ ಮುಚ್ಚಿತು.

"ವಯಸ್ಸಾಗಿದೆ ಸಾರ್. ನಮ್ಮ ಠಾಣೆ ಸೆಟ್ಟುಗಳದ್ದೂ ಇದೇ ಹಾಡು. ಎರಡು ತುತ್ತಿಗೆ ಹೊಟ್ಟೆ ತುಂಬ್ತು ಅನ್ನುತ್ತೆ, ನಾಲ್ಕು ಹೆಜ್ಜೆಗೆ ಕೂತುಬಿಡುತ್ತೆ."

"ಎಷ್ಟು ಹಳೇದು?" ಇನ್ಸ್‌ಪೆಕ್ಟರ್ ಕೇಳಿದರು.

ಮ್ಯಾನೇಜರ್ ಕಿವಿ ಕೆರೆದುಕೊಂಡ. "ನಾನು ಬರೋಕೆ ಮುಂಚಿನದು."

"ನೀವು ಬಂದು?"

"ಆರು ವರ್ಷ."

ಕಾವಲುಗಾರ ಮೊದಲು ತಡವರಿಸಿದ, ಆಮೇಲೆ ಹೇಳಿದ. ಶನಿವಾರ ಕೆಲಸ ಬಿಟ್ಟ ಮೇಲೆ ಕ್ರೇನ್ ಆಪರೇಟರ್ ಊಟದ ಡಬ್ಬಿ ಮರೆತೆನೆಂದು ವಾಪಸ್ ಬಂದಿದ್ದ. ಹೋಗುವಾಗ ಚೀಲ ಭಾರವಾಗಿತ್ತು.

"ಏನಿದೆ ಅಂತ ಕೇಳಲಿಲ್ವಾ?"

"ಸತ್ತ ಹುಡುಗ ಅವನ ಸ್ವಂತ ಬಾಮೈದ ಸಾರ್. ಯಾವ ಬಾಯಲ್ಲಿ ಕೇಳಲಿ?"

ಮಧ್ಯಾಹ್ನ ಮೂರಕ್ಕೆ ಪೊಲೀಸರು ಆಪರೇಟರ್‌ನ ಬಾಡಿಗೆ ಮನೆಯ ಬಾಗಿಲು ತಟ್ಟಿದರು. ತೆಗೆದವಳು ಅವನ ಹೆಂಡತಿ, ಸತ್ತವನ ಅಕ್ಕ. ಅವಳು ಏನೂ ಕೇಳದೆ ಅಕ್ಕಿ ಡಬ್ಬಿಯ ಹಿಂದಿನಿಂದ ಚೀಲ ಎಳೆದು ಮುಂದಿಟ್ಟಳು. ಹದಿನಾಲ್ಕು ಬ್ಯಾಟರಿಗಳೂ ಹಳೆಯ ಸೀರೆಯ ತುಂಡುಗಳಲ್ಲಿ ಜೋಪಾನವಾಗಿದ್ದವು. ಒಂದಕ್ಕೆ ಕೆಂಪು ಟೇಪು ಸುತ್ತಿತ್ತು.

"ಅದು ನನ್ನ ತಮ್ಮನ ಸೆಟ್ಟಿನದು. 'ಭಾವ, ನಿಲ್ಲಿಸಿ' ಅಂತ ಕಿರುಚಿದ್ದು ಕೆಳಗಿದ್ದ ಗಾರೆಯವರಿಗೆಲ್ಲ ಕೇಳಿಸ್ತಂತೆ. ಮೇಲಿದ್ದ ಇವರೊಬ್ಬರಿಗೆ ಕೇಳಿಸಲಿಲ್ಲ."

"ಯಾಕೆ ಕದ್ದೆ?" ಇನ್ಸ್‌ಪೆಕ್ಟರ್ ಒಳಗೆ ಗೋಡೆಗೊರಗಿ ಕೂತಿದ್ದ ಆಪರೇಟರ್‌ನನ್ನು ಕೇಳಿದರು.

"ಹೊಸದು ಬಂದ ದಿನ ಇವನ್ನ ಕಸಕ್ಕೆ ಹಾಕ್ತಿದ್ರು ಸಾರ್. ಕದ್ದರೆ 'ಇವು ನಮ್ಮವೇ, ಕೆಲಸದಲ್ಲಿದ್ದವು' ಅಂತ ಅವರೇ ಪೊಲೀಸರಿಗೆ ಬರೆದುಕೊಡ್ತಾರೆ."

"ಠಾಣೆಗೆ ಬಂದು ಹೇಳೋಕೇನಾಗಿತ್ತು?"

"ಹೇಳಿದ್ನಲ್ಲ! ಸೆಟ್ಟು ಸತ್ತಿತ್ತು ಅಂದೆ, ನಿಮ್ಮವರು ಬರ್ಕೊಂಡ್ರು. ಸೆಟ್ಟು ಚೆನ್ನಾಗಿತ್ತು ಅಂತ ಮ್ಯಾನೇಜರ್ ಅಂದ, ಅದನ್ನೂ ಬರ್ಕೊಂಡ್ರು. ಒಬ್ಬರಾದರೂ ಸೆಟ್ಟು ಮುಟ್ಟಿ ನೋಡಿದ್ರಾ?"

ಇನ್ಸ್‌ಪೆಕ್ಟರ್ ಮ್ಯಾನೇಜರ್‌ಗೆ ಫೋನ್ ಮಾಡಿ, ಒಂದು ಸೆಟ್ಟು, ಒಂದು ಚಾರ್ಜರ್ ಹಿಡಿದುಕೊಂಡು ಬರಲು ಹೇಳಿದರು.

ನೆರೆಯ ಇಬ್ಬರು ಪಂಚರ ಸಮಕ್ಷಮ ನಾಲ್ಕೂವರೆಗೆ ಪಂಚನಾಮೆ ಶುರುವಾಯಿತು.

"ಇವು ನಿಮ್ಮವೇನಾ?"

"ನಮ್ಮವೇ ಸಾರ್," ಎಂದ ಮ್ಯಾನೇಜರ್.

"ಕಳುವಾಗೋವರೆಗೂ ಕೆಲಸದಲ್ಲಿದ್ದವು?"

"ಹೌದು ಸಾರ್, ಎಲ್ಲವೂ."

"ಸೈನ್ ಹಾಕಿ."

ಹಾಕಿದ. ಆಮೇಲೆ ಕೆಂಪು ಟೇಪಿನದನ್ನು ಚಾರ್ಜರಿಗೆ ಹಾಕಿದರು. ಹಸಿರು ಬೇಗನೇ ಬಂತು. ಇನ್ಸ್‌ಪೆಕ್ಟರ್ ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದು ಗುಂಡಿ ಒತ್ತಿ, "ಭಾವ," ಎಂದರು. ನಿಲ್ಲಿಸಿ ಎನ್ನುವುದರೊಳಗೆ ಸೆಟ್ಟು ಸತ್ತಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

"ಇದನ್ನೂ ಬರ್ಕೊಳ್ಳಿ. ಒಂದಕ್ಷರ ಬಿಡಬೇಡಿ," ಎಂದು ಇನ್ಸ್‌ಪೆಕ್ಟರ್ ಗುಡುಗಿದರು. ಮ್ಯಾನೇಜರ್ ಬಾಗಿಲ ಕಡೆ ಸರಿದ. "ಎಲ್ಲಿಗೆ? ಎಫ್‌ಐಆರ್ ಕಾಪಿ ಬೇಕು ಅಂದ್ರಲ್ಲ? ಇನ್ನೊಂದು ಬರೆಯೋದಿದೆ. ಸಿಗ್ನಲ್‌ಮನ್ ಸಾವಿನದು, ನಿಮ್ಮ ಹೆಸರಿಗೆ."

ಕಳವು ಕಳವೇ. ಸಂಜೆ ಆರಕ್ಕೆ ಆಪರೇಟರ್‌ನನ್ನು ಬಂಧಿಸಲಾಯಿತು. ಜೀಪಿನಲ್ಲಿ ಯಾರೂ ಕೇಳದೆಯೇ ಅವನು ಮಾತಾಡಿದ.

"ದನಿ ನಿಂತ ಕೂಡಲೇ ಲೋಡು ನಿಲ್ಲಿಸಬೇಕು ಸಾರ್, ಅದು ನಿಯಮ. ದಿನಕ್ಕೆ ಹತ್ತು ಸಲ ನಿಲ್ಲೋದು. ಪ್ರತಿ ಸಲ ನಿಲ್ಲಿಸಿದ್ರೆ ಕೆಲಸ ಸಾಗಲ್ಲ ಅಂತ ಬೈಗುಳ. ಕೊನೆಕೊನೆಗೆ ನಾನೂ ನಿಲ್ಲಿಸೋದು ಬಿಟ್ಟುಬಿಟ್ಟೆ."

ಠಾಣೆಯ ಮುಂದೆ ಇಳಿಯುವಾಗ ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ: "ನಿನ್ನ ಬಾಮೈದನ ಸೆಟ್ಟಿನದೊಂದು ಸಾಕಿತ್ತಲ್ಲಪ್ಪ. ಎಲ್ಲಾನೂ ಯಾಕೆ ತಂದೆ?"

"ಒಂದೇ ತಂದ್ರೆ ಅಂಥದೇ ಇನ್ನೊಂದು ಕೊಡ್ತಾರೆ ಸಾರ್. ಅವನ ಕಾರ್ಯ ಮುಗಿಸಿ ಕೆಲಸಕ್ಕೆ ಹೋದೆ. ಅವನು ನಿಲ್ಲೋ ಜಾಗದಲ್ಲಿ ಇನ್ನೊಬ್ಬ ಹುಡುಗ ನಿಂತಿದ್ದ. ಅವನ ಕೈಗೂ ಕೆಂಪು ಟೇಪಿನದೇ ಕೊಟ್ಟಿದ್ರು."