ಕೊಕ್ಕರೆ ಕೆರೆಯ ಸುಳ್ಳು ಹೆಸರು

"ಅದನ್ನ ಕೀಳಬ್ಯಾಡ್ರೀ!"

ಹಿಂದಿನಿಂದ ಬಂದ ಗಂಡಸಿನ ದನಿಗೆ ನಿರ್ಮಲಳ ಕೈ ಹಾಗೇ ನಿಂತಿತು. ಆದರೆ ಬಿಡಲಿಲ್ಲ. ಕೆರೆ ಏರಿಯ ಮೇಲೆ ನೆಟ್ಟಿದ್ದ ಬಿದಿರು ಗಳ, ಅದರ ತುದಿಗೆ ಕೆಂಪು ಬಾವುಟ... ಅರ್ಧ ಕಿತ್ತು ಬಂದಿತ್ತು.

ಹುಡುಗಿ ಬಹಳ ಧೈರ್ಯವಂತೆ ಅಂದುಕೊಳ್ಳಬೇಡಿ. ಹೆದರಿಕೆಗೇ ಅದನ್ನು ಕೀಳುತ್ತಿದ್ದಳು.

ಖಾಕಿ ಷರಾಯಿ ತೊಟ್ಟು ತಲೆಗೆ ಟವೆಲ್ ಸುತ್ತಿಕೊಂಡಿದ್ದ ಯುವಕ ಏರಿ ಹತ್ತಿ ಬರುತ್ತಿದ್ದ. ಅವನ ಹಿಂದೆ ಮೂರು ಕಾಲಿನ ಹಲಗೆಯೊಂದು ನಿಂತಿತ್ತು. ಆ ಹಲಗೆ ಕಂಡದ್ದೇ ತಡ, ನಿರ್ಮಲ ಗಳವನ್ನು ಇನ್ನೂ ಬಿಗಿಯಾಗಿ ಹಿಡಿದಳು.

'ಅದೇ ಹಲಗೆ! ಅದೇ ಬಾವುಟ! ಶಿವನೇ... ನಮ್ಮೂರಿಗೂ ಬಂದರಾ?'

"ಯಾರು ನೀವು? ಎಂತಕ್ಕೆ ಬಂದ್ರಿ ಇಲ್ಲಿಗೆ?"

"ನಾನು ಮಹೇಶ್ವರಪ್ಪ ಅಂತ. ಶಿಕಾರಿಪುರದವ. ಸರ್ವೆ ಇಲಾಖೆ ಕೆಲಸ ನಂದು. ನಿಮ್ಮೂರಿನ ನಕ್ಷೆ ಬರೀಬೇಕು, ಇಲ್ಲಿನ ಕೆರಿ, ಹಳ್ಳ, ಗುಡ್ಡ ಎಲ್ಲದರ ಹೆಸರು ಬರ್ಕೋಬೇಕು. ಅಷ್ಟೇ ರೀ."

ಅಷ್ಟೇ ಅಂತೆ! ನಿರ್ಮಲ ಗಳ ಬಿಟ್ಟು ಮನೆಯ ಕಡೆ ಓಡಿದಳು.

ಹತ್ತು ವರ್ಷದ ಹಿಂದೆ, ಅವಳು ಒಂಬತ್ತರ ಹುಡುಗಿಯಾಗಿದ್ದಾಗ, ಶರಾವತಿ ಕಡೆಯ ಕಣಗಲಕೊಪ್ಪಕ್ಕೂ ಹೀಗೇ ಬಾವುಟ ಬಂದಿತ್ತು. ಅದು ಅವಳ ಅವ್ವನ ತವರು. ಬಂದವರು ಹೆಸರು ಕೇಳಿದರು. ಊರವರು ಮಜ್ಜಿಗೆ ಕೊಟ್ಟು, ಕಟ್ಟೆಯ ಮೇಲೆ ಕೂರಿಸಿ, ಎಲ್ಲ ಹೇಳಿದರು.

ಆಮೇಲೆ ಒಂದು ದಿನ ಆಲದ ಮರಕ್ಕೆ ಇಂಗ್ಲಿಷಿನ ಕಾಗದ ಅಂಟಿಸಿ ಹೋದರು. ಓದು ಬಲ್ಲವನೊಬ್ಬ ಓದಿದ. "ಕನ್‌ಗುಲ್‌ಕಾಪ್ ಅಂತ ಯಾವುದೋ ಊರಂತೆ. ಅಲ್ಲಿಗೆ ಅಣೆಕಟ್ಟಿನ ನೀರು ಬರುತ್ತಂತೆ. ತಕರಾರಿದ್ದವರು ತಿಂಗಳೊಳಗೆ ಹೇಳಬೇಕಂತೆ."

ಕನ್‌ಗುಲ್‌ಕಾಪ್? ಪಾಪ, ಯಾವ ಊರೋ ಏನೋ ಅಂತ ಎಲ್ಲರೂ ಮರುಗಿದರು! ಅದು ತಮ್ಮದೇ ಊರು ಅಂತ ತಿಳಿಯುವ ಹೊತ್ತಿಗೆ ತಿಂಗಳು ಮುಗಿದಿತ್ತು. ಮರುವರ್ಷ ಮನೆ, ಗದ್ದೆ, ಆಲದ ಮರ, ಎಲ್ಲ ನೀರಿನಡಿಗೆ ಹೋದವು. ತವರಿಲ್ಲದ ಅವ್ವ ಹೆಚ್ಚು ದಿನ ಉಳಿಯಲಿಲ್ಲ.

'ಈಗ ನಮ್ಮ ತಾವರೆಗದ್ದೆಯ ಸರದಿ... ಇಲ್ಲ! ನಾನು ಬಿಡಲ್ಲ!'

ಆದರೆ ಹತ್ತೊಂಬತ್ತರ ಹುಡುಗಿ ಏನು ಮಾಡಿಯಾಳು?

ಮಧ್ಯಾಹ್ನವೇ ಮಹೇಶ್ವರಪ್ಪ ಅವರ ಮನೆಯ ಜಗಲಿಗೆ ಬಂದ. ಸುಗ್ಗಿಯ ಸಮಯ, ಊರೆಲ್ಲ ಕಣದಲ್ಲಿತ್ತು. ಬಾವುಟ ಕಂಡವರು ಹೆಸರು ಹೇಳದೆ "ಪಟೇಲರ ಮನೇಲಿ ಕೇಳಿ" ಅಂದು ನುಣುಚಿಕೊಂಡಿದ್ದರು. ಪಟೇಲ ಸದಾಶಿವಪ್ಪ, ಅಂದರೆ ನಿರ್ಮಲಳ ಅಪ್ಪ, ಹುಷಾರಿಲ್ಲದ ತಂಗಿಯನ್ನು ನೋಡಲು ಉಡುತಡಿಗೆ ಹೋಗಿದ್ದರು. ಮನೆಯಲ್ಲಿದ್ದವರು ನಿರ್ಮಲ ಮತ್ತು ಅಜ್ಜಿ ಉಚ್ಚಂಗಮ್ಮ ಮಾತ್ರ.

"ಆ ಕೆರಿ ಹೆಸರೇನ್ರೀ?"

ಕೊಕ್ಕರೆ ಕೆರೆ. ಗುಡವಿ ಕೆರೆಯ ಹಕ್ಕಿಗಳು ಎರಡು ಮೈಲಿ ಹಾರಿ ಬಂದು ಮೀನು ಹಿಡಿಯುವ ಕೆರೆ. ಹುಟ್ಟಿದ ಮಗುವಿಗೂ ಗೊತ್ತಿರುವ ಹೆಸರು.

ಹೆಸರು ಸಿಕ್ಕರೆ ತಾನೇ ಮುಳುಗಿಸುವುದು?

"ಮಾರಪ್ಪನ ಕೆರೆ" ಅಂದಳು.

ಅಜ್ಜಿ ತಟ್ಟನೆ ತಲೆ ಎತ್ತಿದರು.

"ಇಬ್ಬರ ಬಾಯಿಂದ ಬಂದ್ರೆ ಮಾತ್ರ ಬರೀಬೇಕು ಅಂತ ನಮ್ಮ ನಿಯಮ. ಹೌದೇನಜ್ಜಿ, ಮಾರಪ್ಪನ ಕೆರಿನಾ?"

ಅಜ್ಜಿ ಬಾಯಿ ತೆರೆಯಲಿಲ್ಲ. ಸೆರಗು ತುಟಿಗೆ ಒತ್ತಿಕೊಂಡು ಬೇರೆ ಕಡೆ ನೋಡಿದರು. ಮುಗಿಯಿತು, ಸಿಕ್ಕಿಬಿದ್ದೆ!

"ಅದು... ನಮ್ಮ ಅಜ್ಜನ ಹೆಸರು! ಅಜ್ಜಿ ಹೇಳೋ ಹಾಗಿಲ್ಲ."

ಮಹೇಶ್ವರಪ್ಪನ ಮುಖ ಮೆತ್ತಗಾಯಿತು. "ಓ... ತಪ್ಪಾತು ಅಜ್ಜಿ. ನಮ್ಮವ್ವನೂ ಹಂಗ. ಅಪ್ಪನ ಹೆಸರಿನವರು ಯಾರೇ ಬಂದ್ರೂ 'ಅವರು ಬಂದಾರ' ಅಂತಾಳ, ಹೆಸರು ಮಾತ್ರ ಬಾಯಿಗೆ ಬರಂಗಿಲ್ಲ."

ಅವನು ನಕ್ಕು ಬರೆದುಕೊಂಡ. ಅವಳನ್ನು ಪೂರಾ ನಂಬಿಬಿಟ್ಟ! ನಿರ್ಮಲಳಿಗೆ ಗೆದ್ದೆ ಅನ್ನಿಸಬೇಕಿತ್ತು. ಯಾಕೋ ಅನ್ನಿಸಲಿಲ್ಲ.

ಎಂಟು ದಿನ ಅವನು ಊರಿನ ಶಾಲೆಯಲ್ಲಿ ಉಳಿದ. ದಿನಾ ಮಧ್ಯಾಹ್ನ ಜಗಲಿಗೆ ಬಂದ. ನಿರ್ಮಲ ಹಳ್ಳಕ್ಕೊಂದು, ಗುಡ್ಡಕ್ಕೊಂದು, ಬನಕ್ಕೊಂದು ಸುಳ್ಳು ಹೆಸರು ಕಟ್ಟಿಕೊಟ್ಟಳು; ಅವನು ಇನ್ನೊಬ್ಬರನ್ನು ಕೇಳಲೇ ಇಲ್ಲ. ರಾತ್ರಿಯೆಲ್ಲ ಅವನ್ನು ಬಾಯಿಪಾಠ ಮಾಡುತ್ತಿದ್ದಳು, ಮರೆತು ಸಿಕ್ಕಿಬೀಳಬಾರದಲ್ಲ!

ಅವನು ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕೆ ಅಂತ ಅವಳು ತಿಳಿದುಕೊಂಡಿದ್ದಳು. ಆದರೆ ಭಯಕ್ಕೆ ಯಾರಾದರೂ ಎರಡೆರಡು ಸಲ ತಲೆ ಬಾಚಿಕೊಳ್ಳುತ್ತಾರೆಯೇ?

"ಮಜ್ಜಿಗೆ ತಗೊಳ್ಳಿ ಮಹೇಶ್ವರಪ್ಪನೋರೆ."

"ನೀವು ನನ್ನ ಹೆಸರು ಹೇಳಿದ್ರ ಕೇಳಾಕ ಚಲೋ ಅನಸ್ತತಿ ನೋಡ್ರಿ."

"ಹೆಸರಿರೋದು ಕರೆಯಕ್ಕೆ ಅಲ್ದಾ ಮಹೇಶ್ವರಪ್ಪನೋರೆ?"

ಅವನು ಕಿವಿಯವರೆಗೂ ಕೆಂಪಾದ.

ಏಳನೆಯ ದಿನ ಅವನು ಹಳೆಯ ನಕ್ಷೆಯೊಂದನ್ನು ಜಗಲಿಯ ಮೇಲೆ ಬಿಡಿಸಿದ. ಬ್ರಿಟಿಷರ ಕಾಲದ್ದು. ಎಲ್ಲ ಇಂಗ್ಲಿಷಿನಲ್ಲೇ.

"ಇಲ್ನೋಡ್ರಿ. ಇದು ನಮ್ಮೂರು. ದೊರೆಗಳು 'ಶಿಕಾರ್‌ಪುರ್' ಅಂತ ಬರದಾರ. ನಿಮ್ಮ ಸೊರಬ ಇಲ್ಲಿ 'ಸೊರಾಬ್'. ಬಳ್ಳಿಗಾವಿಗೆ ಏನಂದಾರ ಗೊತ್ತೇನು? 'ಬೆಳಗಾಮಿ'! ಅಷ್ಟು ದೊಡ್ಡ ಗುಡಿ ಇರೋ ಊರ್ರೀ... ಅಲ್ಲಿ ಗದ್ದಿ ಉಳೋ ಒಬ್ಬನಾದ್ರೂ ಹಂಗ ಅಂತಾನೇನು?"

"ಕಾಗದದಲ್ಲಿ ಎಂತ ಬರೆದ್ರೆ ಏನು?" ಅವಳ ದನಿ ಸಣ್ಣಗಾಗಿತ್ತು.

"ಹಂಗನಬ್ಯಾಡ್ರಿ. ಕಚೇರಿಯವರ ಊರೇ ಬ್ಯಾರೆ, ಜನರ ಊರೇ ಬ್ಯಾರೆ ಆಗಿಬಿಡ್ತತಿ. ಆ ಕಾಗದ ನಿಮ್ಮ ಮ್ಯಾಲೇ ಬಂದ್ರೂ ನಿಮಗ ತಿಳಿಯಂಗಿಲ್ಲ. ಈಗ ಹೊಸ ರಾಜ್ಯ ಆಗಿ ಎರಡು ವರ್ಷ ಆತು, ಹೊಸ ನಕ್ಷೆ ಬರ್ತದ. ನೀವು ಹೇಳಿದ ಹೆಸರನ್ನ ಮೊದಲು ಕನ್ನಡದಾಗ ಬರೀತೀನಿ, ಆಮ್ಯಾಲೆ ಅದನ್ನೇ ಇಂಗ್ಲಿಷಿನಾಗ. ಅದಕ್ಕೇ ಈ ಕೆಲಸ ನನಗೆ ಪ್ರಾಣ."

ನಿರ್ಮಲ ಕಂಬ ಹಿಡಿದುಕೊಂಡಳು.

"ಹಾಗಾದ್ರೆ... ಇದು ಮುಳುಗಡೆ ಸರ್ವೆ ಅಲ್ವಾ?"

"ಮುಳುಗಡೆನಾ? ಯಾರಂದ್ರು? ಊರು ಉಳಸೋ ನಕ್ಷೆ ಇದು!"

'ಅಯ್ಯೋ... ಏನು ಮಾಡಿಬಿಟ್ಟೆ ನಾನು!'

ಆಗಲೇ ಹೇಳಿಬಿಡಬಹುದಿತ್ತು. ಆದರೆ ಇಷ್ಟು ನಂಬಿದವನ ಎದುರು 'ಏಳು ದಿನವೂ ಸುಳ್ಳು ಹೇಳಿದೆ' ಅನ್ನುವುದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡಳು.

ಮರುದಿನ ಅವನು ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಬಂದ. ಸೊರಬದಿಂದ ಕರೆ ಬಂದಿತ್ತು, ಬಸ್ಸಿಗೆ ಹೊತ್ತಾಗಿತ್ತು.

"ನಕ್ಷೆ ಒಪ್ಪಿಸಿದ ಮ್ಯಾಲೆ... ಅವ್ವನ್ನ ಕರಕೊಂಡು ಬರ್ತೀನಿ. ನಿಮ್ಮ ಅಪ್ಪನವರ ಹತ್ರ ಮಾತಾಡಾಕ. ಬರಲೇನ್ರೀ?"

ನಿರ್ಮಲಳ ಕಣ್ಣು ತುಂಬಿತು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಳಗೆ ಓಡಿಹೋದಳು. ಅವನು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ತಲೆ ತಗ್ಗಿಸಿಕೊಂಡು ಹೊರಟುಹೋದ. ಒಲ್ಲೆ ಅಂದಳು ಅಂತಲೇ ತಿಳಿದಿರಬೇಕು!

"ಸತ್ತ ಅಜ್ಜನ ಹೆಸರಿನ ಮೇಲೆ ಸುಳ್ಳು ಹೇಳ್ದೆ, ಬದುಕಿರೋ ಹುಡುಗನ್ನ ಅಳಿಸಿ ಕಳಿಸ್ದೆ. ನಿಂಗೆ ಎಂತಾಗಿದ್ಯೆ ಮಾರಾಯ್ತಿ?" ಅಂದರು ಅಜ್ಜಿ.

ಹದಿನೈದು ದಿನ ಕಳೆಯಿತು. ಉಡುತಡಿಯಿಂದ ಬಂದಿದ್ದ ಅಪ್ಪ ಸೊರಬಕ್ಕೆ ಹೋಗಿ ಬಂದು, ಊಟಕ್ಕೆ ಕೂತು, ಮಾತಿನ ನಡುವೆ ಅಂದರು:

"ನಮ್ಮೂರಿಗೆ ಸರ್ವೆಗೆ ಬಂದಿದ್ನಂತಲ್ಲ, ಅವನ ಕತೆ ಮುಗೀತು. ಬರೆದ ಹೆಸರು ಒಂದೂ ಶಾನುಭೋಗರ ಕಡತಕ್ಕೆ ತಾಳೆ ಆಗ್ಲಿಲ್ಲಂತೆ. ಮರದ ಬುಡದಲ್ಲಿ ಮಲಗಿ ಹೆಸರು ಹುಟ್ಟಿಸಿದಾನೆ ಅಂತ ಸಾಹೇಬರು ಕೆಂಡ ಆಗಿದಾರೆ. ಸೋಮವಾರ ವಿಚಾರಣೆ. ಕೆಲಸ ಹೋಗೋದು ಗ್ಯಾರಂಟಿ. ಜೈಲಾದ್ರೂ ಆದೀತು."

ನಿರ್ಮಲಳ ಕೈಯಿಂದ ಸೌಟು ಜಾರಿ ಬಿತ್ತು.

"ಯಾರು ಹೇಳಿದ್ದು ಅಂತ ಕೇಳಿದ್ರೆ, 'ನೆನಪಿಲ್ಲ' ಅಂತಾನಂತೆ. ಹದಿನೈದು ದಿನದಲ್ಲಿ ಮರೆತುಹೋಗುತ್ತಾ?"

ನೆನಪಿಲ್ಲವಂತೆ! ತನ್ನನ್ನು ಉಳಿಸಲು ಅವನು ತಾನು ಮುಳುಗುತ್ತಿದ್ದಾನೆ! ನಿರ್ಮಲ ಅಪ್ಪನ ಎಲೆಯ ಮುಂದೆಯೇ ಕುಸಿದು, ಅಳುತ್ತ ಎಲ್ಲ ಹೇಳಿದಳು.

ಸದಾಶಿವಪ್ಪನವರ ಮುಖ ಬಿಳಿಚಿತು. "ಸರ್ಕಾರಕ್ಕೆ ಸುಳ್ಳು ಹೇಳಿದ್ಯಾ? ಪಟೇಲನ ಮಗಳಾಗಿ? ಬಾಯಿ ಮುಚ್ಚಿಕೊಂಡಿರು! ಕೇಸು ನಿನ್ನ ಮೇಲೆ ತಿರುಗಿದ್ರೆ ಎಂತ ಗತಿ? ಕಚೇರಿ ಮೆಟ್ಟಿಲು ಹತ್ತಿದ ಹುಡುಗೀನ ಯಾರು ಮದುವೆ ಆಗ್ತಾರೆ?"

"ಆಗೋನು ಅಲ್ಲೇ ಕಚೇರಿಯಲ್ಲಿದಾನೆ" ಅಂದರು ಅಜ್ಜಿ, ಅಡಿಗೆಮನೆಯಿಂದಲೇ. "ಕರ್ಕೊಂಡು ಹೋಗು ಸದಾಶಿವ. ಅವಳ ಅವ್ವನ ಊರು ತಕರಾರಿಗೆ ಯಾರೂ ಬಾಯಿ ಬಿಡದೆ ಹೋಯ್ತು. ಇವಳಾದ್ರೂ ಬಿಡ್ಲಿ."

ಸೋಮವಾರ. ಸೊರಬದ ತಾಲ್ಲೂಕು ಕಚೇರಿ.

ನಿರ್ಮಲ ಅಪ್ಪನ ಹಿಂದೆ ಮೆಟ್ಟಿಲು ಹತ್ತಿದಳು. ಜೈಲಿಗೆ ಹಾಕಿದರೆ? ಅಪ್ಪನ ಪಟೇಲಿಕೆ ಹೋದರೆ? ಎಲ್ಲಕ್ಕಿಂತ ದೊಡ್ಡ ಭಯ, ಅವನು ತನ್ನ ಮುಖವನ್ನೇ ನೋಡದಿದ್ದರೆ?

ನೋಡಲಿಲ್ಲ. ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಮಹೇಶ್ವರಪ್ಪ ಸೊರಗಿಹೋಗಿದ್ದ. ಅವಳು ಒಳಗೆ ಬಂದದ್ದು ಕಂಡು ಗಾಬರಿಯಿಂದ ನೆಲ ನೋಡಿದ. "ಇವರು ಯಾರೋ ನನಗೆ ಗೊತ್ತಿಲ್ಲ ಸಾರ್" ಅಂದುಬಿಟ್ಟ.

"ಸುಳ್ಳು!" ನಿರ್ಮಲ ಮುಂದೆ ಬಂದಳು. "ಅವರು ಬರೆದದ್ದೆಲ್ಲ ನಾನು ಹೇಳಿದ್ದು. ಅವರ ತಪ್ಪು ಎಂತದೂ ಇಲ್ಲ ಸ್ವಾಮಿ."

ಪರಸ್ಥಳದ ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಏಕಮ್ಮ ಸುಳ್ಳು ಹೇಳಿದೆ?"

"ಹೆದರಿಕೆಗೆ ಸ್ವಾಮಿ. ನಮ್ಮವ್ವನ ಊರು ಇಂಗ್ಲಿಷಿನ ಹೆಸರಲ್ಲಿ ಮುಳುಗ್ತು. ಯಾರೂ ಅದು ನಮ್ಮೂರು ಅಂತ ಗುರುತು ಹಿಡೀಲಿಲ್ಲ. ಹೆಸರು ಕೊಡದಿದ್ರೆ ನಮ್ಮೂರಾದ್ರೂ ಉಳಿಯುತ್ತೆ ಅಂದ್ಕೊಂಡೆ. ಈಗ ಸರಿಯಾದ್ದು ಹೇಳ್ತೀನಿ, ಬರ್ಕೊಳ್ಳಿ. ಕೆರೆ, ಕೊಕ್ಕರೆ ಕೆರೆ. ಹಳ್ಳ, ಎಮ್ಮೆಹಳ್ಳ. ಗುಡ್ಡ, ಜೇನುಗುಡ್ಡ. ಬನ, ಹುಲಿಯಮ್ಮನ ಬನ..."

ಒಂದೊಂದನ್ನೇ ಹೇಳಿದಳು. ಸಾಹೇಬರು ಶಾನುಭೋಗರ ಕಡತದ ಮೇಲೆ ಬೆರಳಿಟ್ಟು ನೋಡಿದರು. ಒಂದೂ ತಪ್ಪಲಿಲ್ಲ.

"ಹೇಳಿಕೆ ಬರ್ಕೊಳ್ಳಿ" ಅಂದರು ಸಾಹೇಬರು. ಗುಮಾಸ್ತ ರಾಜಪ್ಪ ಲೇಖನಿ ಅದ್ದಿದ.

"ನೀನು ಸುಳ್ಳು ಹೆಸರು ಕೊಟ್ಟಿದ್ದು ಯಾರಿಗಮ್ಮ? ಸರ್ವೆಯವರ ಹೆಸರು ನಿನ್ನ ಬಾಯಿಂದಲೇ ಬರಬೇಕು. ಹೇಳು."

ನಿರ್ಮಲ ಬಾಯಿ ತೆರೆದಳು... ಮುಚ್ಚಿದಳು.

"ಹೇಳಮ್ಮ."

ಅವಳು ಸೆರಗು ತುಟಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

"ಅಂದ್ರೆ ಈ ಮನುಷ್ಯ ನಿನಗೆ ಗೊತ್ತೇ ಇಲ್ಲ. ಇದೂ ಸುಳ್ಳೇ!" ಸಾಹೇಬರು ಮೇಜು ಗುದ್ದಿದರು. "ಹೆಸರು ಹೇಳದಿದ್ದರೆ ಈ ಹೇಳಿಕೆ ನಿಲ್ಲುವುದಿಲ್ಲ. ಅವನ ಕೆಲಸವೂ ಉಳಿಯುವುದಿಲ್ಲ!"

ನಿರ್ಮಲಳ ಕಣ್ಣೀರು ಸುರಿಯಿತು. ಹೆಸರು ಮಾತ್ರ ಹೊರಡಲಿಲ್ಲ.

"ಹೇಳಿಬಿಡ್ರೀ" ಮಹೇಶ್ವರಪ್ಪ ಅಂಗಲಾಚಿದ. "ದಿನಕ್ಕ ಹತ್ತು ಸಲ ಕರೀತಿದ್ರಲ್ಲ... ಈಗೇನಾತು ನಿಮಗ..."

ಮಾತು ಅಲ್ಲೇ ನಿಂತಿತು. ಅವನು ಆ ಸೆರಗನ್ನು ನೋಡಿದ. ಜಗಲಿಯ ಮೇಲೆ ಅಜ್ಜಿ ಕೂತಿದ್ದ ರೀತಿ ನೆನಪಾಯಿತು. ತನ್ನ ಅವ್ವ ನೆನಪಾದಳು. ಅವನ ಕಣ್ಣು ಅಗಲವಾದವು.

"ರೀ..." ಅಂದ, ಉಸಿರಿನಲ್ಲಿ.

ಗುಮಾಸ್ತ ರಾಜಪ್ಪ ಲೇಖನಿ ಕೆಳಗಿಟ್ಟು ಕೆಮ್ಮಿದ. "ಸಾರ್, ನಮ್ಮ ಕಡೆ ಹೆಣ್ಣುಮಕ್ಕಳು ಒಬ್ಬರ ಹೆಸರು ಮಾತ್ರ ಹೇಳೋದಿಲ್ಲ. ಕೊರಳಿಗೆ ಕತ್ತಿ ಇಟ್ರೂ ಹೇಳಲ್ಲ."

"ಯಾರದ್ದು?"

ಗುಮಾಸ್ತ ಉತ್ತರಿಸದೆ ಸದಾಶಿವಪ್ಪನವರ ಮುಖ ನೋಡಿದ. ಕಚೇರಿಯೇ ಅವರ ಮುಖ ನೋಡಿತು.

ಪಟೇಲರು ಗೋಡೆಯ ಕಡೆ ತಿರುಗಿ ನಿಂತ ಮಗಳನ್ನು ನೋಡಿದರು. ಅವಳ ಇಡೀ ಬದುಕು ಅಪ್ಪನ ನಾಲಿಗೆಯ ಮೇಲೆ ಕೂತಿತ್ತು.

"ಬರ್ಕೊಳ್ಳಿ" ಅಂದರು ಕೊನೆಗೆ. "ನನ್ನ ಮಗಳು ಹೇಳೋ ಹಾಗಿಲ್ಲ. ನಾನು ಹೇಳ್ತೀನಿ. ಮಹೇಶ್ವರಪ್ಪ. ಶಿಕಾರಿಪುರದವರು. ನಮ್ಮ... ನಮ್ಮ ಅಳಿಯಂದಿರು."

ಸಾಹೇಬರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ ಕಡತ ಮುಚ್ಚಿದರು. "ವಾರದೊಳಗೆ ತಾವರೆಗದ್ದೆಗೆ ಹೋಗಿ ಎಲ್ಲ ಹೆಸರು ಮತ್ತೆ ಬರೆದುಕೊಂಡು ಬಾರಯ್ಯ. ಈ ಸಲ ಇಬ್ಬರ ಬಾಯಿಂದ!"

ಹೊರಗೆ ಕಚೇರಿಯ ಅಂಗಳದಲ್ಲಿ ಬಿಸಿಲು. ಅಪ್ಪ ಬಸ್ಸು ವಿಚಾರಿಸುವ ನೆಪದಲ್ಲಿ ಮುಂದೆ ಹೋದರು. ಮಹೇಶ್ವರಪ್ಪ ಮೆಟ್ಟಿಲ ಮೇಲೆ ಕೂತು ಹಾಳೆ ಬಿಡಿಸಿ, ಮೊದಲು ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಬರೆದ.

"ಕೊಕ್ಕರೆ ಕೆರೆ. ಆ ಇಂಗ್ಲಿಷಿನಾಗೂ ಅದೇ ಐತಿ. ಯಾರ ಹತ್ರ ಬೇಕಾದ್ರೂ ಓದಿಸಿ ನೋಡ್ರಿ."

"ಬೇಡ. ನೀವು ಬರೆದದ್ದಲ್ವಾ." ಅವಳು ಮೊದಲ ಬಾರಿಗೆ ಹೆದರದೆ ಆ ಹಾಳೆ ಮುಟ್ಟಿದಳು. "ನನ್ನ ಮೇಲೆ ಸಿಟ್ಟಿಲ್ವಾ?"

"ಇತ್ತು. ಆ ಸೆರಗು ಕಂಡ ಕೂಡಲೇ ಹೋತು." ಅವನು ತಲೆ ಕೆರೆದುಕೊಂಡ. "ಹಂಗಾದ್ರ... ಇನ್ನು ಮ್ಯಾಲೆ ನನ್ನ ಹೆಸರು ನಿಮ್ಮ ಬಾಯಾಗ ಕೇಳಂಗೇ ಇಲ್ಲೇನು? ಕಡೀಗೊಮ್ಮೆ ಹೇಳ್ರಿ. ಮದುವಿ ಇನ್ನೂ ಆಗಿಲ್ಲಲ್ಲ!"

ನಿರ್ಮಲ ತುಟಿ ಬಿಗಿದು ತಲೆ ಆಡಿಸಿದಳು.

"ಮತ್ತೆ ಕರಿಯೋದು ಹೆಂಗ?"

ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು. ತಿರುಗಲಿಲ್ಲ.

"ಇಲ್ಕೇಳಿ..." ಅಂದಳು. "ಬಸ್ಸು ಬಂತು. ಬರ್ತೀರಲ್ಲ?"