ಮನೆ ಖಾಲಿಯಿರುವ ದಿನಾಂಕ

ಮನೆಗೆ ಬೀಗ ಹಾಕಿ ಹೊರಡುವ ದಿನವನ್ನು, ಮರಳಿ ಬರುವ ದಿನವನ್ನು, ಬೀಗದ ಕೈ ಬಚ್ಚಿಡುವ ಜಾಗವನ್ನು, ಮುಖವನ್ನೇ ಕಾಣದ ಒಬ್ಬನಿಗೆ ಕೈಯಾರೆ ಬರೆದುಕೊಟ್ಟು ನೆಮ್ಮದಿಯಾಗಿ ಪ್ರಯಾಣ ಹೊರಟವರು ನೀವಲ್ಲವೇ? ಅದನ್ನು ಓದುವವನು ಯಾರೆಂದು ಒಂದು ಕ್ಷಣವಾದರೂ ಯೋಚಿಸಿದಿರಾ?

ಓದುವವನು ಇವನು. ಅಕ್ಕ ನಡೆಸುವ ನಾಯಿಗಳ ತಂಗುಮನೆಗೆ ಜಾಲತಾಣ ಕಟ್ಟಿಕೊಟ್ಟು, ಒಂಬತ್ತು ವರ್ಷಗಳಿಂದ ಅದನ್ನು ನೋಡಿಕೊಂಡು ಬಂದವನು. ಊರು ಬಿಟ್ಟು ಹೋಗುವವರು ತಮ್ಮ ನಾಯಿಯನ್ನು ಅಕ್ಕನ ಬಳಿ ಬಿಡುವ ಮುನ್ನ ಅಲ್ಲೊಂದು ಫಾರಂ ತುಂಬಬೇಕು. ನಾಯಿಯ ವಯಸ್ಸು, ಅದರ ಔಷಧ, ಮನೆಯ ವಿಳಾಸ, ಎಂದಿನಿಂದ ಎಂದಿನವರೆಗೆ. ತುರ್ತಾಗಿ ಏನಾದರೂ ತರಬೇಕಾದರೆ ಮನೆಯ ಕೀ ಎಲ್ಲಿದೆ. ಈ ಕೊನೆಯ ಪ್ರಶ್ನೆಯನ್ನು ಸೇರಿಸಿದವನೂ ಇವನೇ. ಸೇರಿಸುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ. ಕಪಟವು ಸಸ್ಯಶಾಸ್ತ್ರದ ನಿವೃತ್ತ ಮೇಷ್ಟ್ರ ಜೊತೆ ಒಳಗೆ ಬಂತು.

ಮೇಷ್ಟ್ರು ಅಕ್ಕನ ಹಳೆಯ ಗಿರಾಕಿ. ಒಂದು ದಿನ ಅವರು ಜಾಲತಾಣದ ಅಭಿಪ್ರಾಯದ ಪುಟದಲ್ಲಿ, ಎಲ್ಲರಿಗೂ ಕಾಣುವಂತೆ, ಹನ್ನೊಂದು ತಪ್ಪುಗಳನ್ನು ಸಂಖ್ಯೆ ಹಾಕಿ ಬರೆದರು. ಒಂದು ಫೋನ್ ನಂಬರ್ ಯಾರದೋ ದರ್ಜಿಯದು. ನಕಾಶೆ ಹಳೆಯ ವಿಳಾಸಕ್ಕೆ ಕರೆದೊಯ್ಯುತ್ತದೆ. ಮೊದಲ ಪುಟದಲ್ಲಿ 'ಇಂದಿನ ಅತಿಥಿ' ಎಂದು ಚೆಂಡಾಡುತ್ತಿರುವ ಕಂದು ನಾಯಿ ಸತ್ತು ಎರಡು ವರ್ಷವಾಯಿತು.

"ಇದನ್ನ ಅಳಿಸಿ ಹಾಕ್ತೀನಿ," ಎಂದ.

"ಯಾಕೋ ಅಳಿಸ್ತೀಯ? ಇರೋದನ್ನೇ ಹೇಳಿದಾರೆ. ತಪ್ಪು ತಿದ್ದು, ಅವರನ್ನ ಯಾಕೆ ತಿದ್ದೋಕೆ ಹೋಗ್ತೀಯ," ಎಂದಳು ಅಕ್ಕ.

ಮರುವಾರ ಮೇಷ್ಟ್ರು ತಮ್ಮ ಮುದಿ ನಾಯಿಯೊಂದಿಗೆ ಬಂದವರು, ಕನ್ನಡಕದ ಮೇಲಿನಿಂದ ಇವನನ್ನು ಅಳೆದರು. "ಓಹೋ, ವೆಬ್‌ಸೈಟ್ ನೋಡ್ಕೊಳ್ಳೋರು ನೀವೇನಾ? ನೋಡ್ತಾನೇ ಇದೀರಿ ಅಂತ ಕಾಣತ್ತೆ. ಯಾವಾಗ್ಲಾದ್ರೂ ಕೈನೂ ಹಾಕಿ." ಅಕ್ಕನ ಕಡೆ ತಿರುಗಿ, "ನನ್ನ ಶಿಷ್ಯೆ ಒಬ್ಬಳಿದಾಳಮ್ಮ, ಬಲೇ ಚುರುಕು. ಕಳಿಸ್ಲಾ?" ಎಂದರು.

"ಕಳಿಸಿ ಮೇಷ್ಟ್ರೇ. ಇವನೂ ನಾಲ್ಕಕ್ಷರ ಕಲೀಲಿ," ಎಂದು ಅಕ್ಕ ನಕ್ಕಳು.

ಆ ನಗುವೇ ಅವನಿಗೆ ನಾಟಿದ್ದು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಸಾಕಿದವಳು ಅಕ್ಕ. ಲೋಕದಲ್ಲಿ ಯಾರ ಮುಂದೆ ಬೇಕಾದರೂ ಅವನು ಚಿಕ್ಕವನಾಗಬಲ್ಲ, ಅಕ್ಕನ ಮುಂದೆ ಮಾತ್ರ ಒಲ್ಲ. ತನ್ನ ತಪ್ಪಿಗೆ ನಾಚುವ ಬದಲು ತಪ್ಪು ತೋರಿಸಿದವನನ್ನು ದ್ವೇಷಿಸುವುದು ಎಷ್ಟು ಸುಲಭ! ಅಂದಿನಿಂದ ಮೇಷ್ಟ್ರಿಗೆ ಅವನು ಮನಸ್ಸಿನಲ್ಲೇ 'ಒಣಗಿದೆಲೆ' ಎಂದು ಹೆಸರಿಟ್ಟ. ಅವರ ಮನೆಯ ಮಹಡಿಯ ಕೋಣೆಯಲ್ಲಿ ನಲವತ್ತು ವರ್ಷಗಳಿಂದ ಒಣಗಿಸಿ, ಹಾಳೆಗಳಿಗೆ ಅಂಟಿಸಿ, ವಿವರ ಬರೆದಿಟ್ಟ ಗಿಡಗಳ ಸಂಗ್ರಹವಿತ್ತು. ಬಾಯಿ ತೆರೆದರೆ ಅದೇ ಮಾತು.

ಆ ಸಂಗ್ರಹಕ್ಕೆ ಬೆಂಕಿ ಇಟ್ಟರೆ ಸುಡುವುದು ಕಾಗದ, ಹುಲ್ಲು. ಮನುಷ್ಯರ ಕೂದಲೂ ಕೊಂಕುವುದಿಲ್ಲ. ಹೀಗೆಂದು ತನಗೆ ತಾನೇ ಹೇಳಿಕೊಂಡ ಮೇಲೆ ಅವನಿಗೆ ನಿದ್ದೆ ಚೆನ್ನಾಗಿ ಬರತೊಡಗಿತು.

ಮೇಷ್ಟ್ರು ಮಗಳ ಮನೆಗೆ ಹೊರಟರು, ಫಾರಂ ತುಂಬಿದರು. ಸೋಮವಾರದಿಂದ ಶುಕ್ರವಾರ. ಕೀ ಹಿಂಬಾಗಿಲ ಪಕ್ಕದ ನೀರಿನ ಮೀಟರಿನ ಪೆಟ್ಟಿಗೆಯಲ್ಲಿ. ಯಾವ ಫಾರಂ ಅನ್ನು ಯಾರು ಯಾವಾಗ ತೆರೆದರೆಂಬುದು ಜಾಲತಾಣದಲ್ಲಿ ದಾಖಲಾಗುತ್ತದೆ. ಆದ್ದರಿಂದ ಅವನು ಅದನ್ನು ತೆರೆಯಲೇ ಇಲ್ಲ. ದಿನವೂ ತೆಗೆದಿಡುವ ಇಡೀ ತಾಣದ ಪ್ರತಿಯಿಂದ ಆ ಒಂದು ಪುಟವನ್ನು ಓದಿಕೊಂಡ. ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತಾನು ಮೇಜಿನ ಮುಂದೆ ಕುಳಿತು ದುಡಿಯುತ್ತಿದ್ದೆನೆಂದು ತೋರಿಸಲು, ಆ ಹನ್ನೊಂದು ತಪ್ಪುಗಳ ತಿದ್ದುಪಡಿಗಳನ್ನು ಮೊದಲೇ ಸಿದ್ಧಪಡಿಸಿ, ಹತ್ತು ಹತ್ತು ನಿಮಿಷಕ್ಕೊಂದರಂತೆ ತಾವಾಗಿಯೇ ಪ್ರಕಟವಾಗುವ ಹಾಗೆ ಹೊತ್ತು ನಿಗದಿ ಮಾಡಿದ. ಒಂಬತ್ತು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾಗಿ ಅವನು ಕೆಲಸ ಮಾಡಿದ್ದೇ ಇಲ್ಲ. ಒಳ್ಳೆಯ ಕೆಲಸವೊಂದನ್ನು ಮಾಡಿಸಲು ಕೆಟ್ಟ ಕೆಲಸವೊಂದು ಬೇಕಾಯಿತು.

ಬುಧವಾರ ಫೋನನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟ. ಮೇಷ್ಟ್ರದು ಅವರ ಬೀದಿಯ ಕೊನೆಯ ಮನೆ. ಹಿಂಬಾಗಿಲು ಸದ್ದಿಲ್ಲದೆ ತೆರೆಯಿತು. ಮಹಡಿಯ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಕಟ್ಟುಗಳು. ಮೇಲಿದ್ದ ಹಾಳೆಯಲ್ಲಿ ಬೆರಳುದ್ದದ ಗಿಡವೊಂದಿತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ 'ಇದನ್ನು ಮೊದಲು ಕಂಡವಳು ನನ್ನ ಹೆಂಡತಿ' ಎಂಬ ಸಾಲು, ಒಂದು ಹಳೆಯ ತಾರೀಖು. ಅವನು ಅದನ್ನು ಎರಡು ಸಲ ಓದಿದ. ಆಗಲಾದರೂ ಹಿಂದಿರುಗಬಹುದಿತ್ತು, ಬಾಗಿಲು ತೆರೆದೇ ಇತ್ತು. ಅವನು ಹಿಂದಿರುಗಲಿಲ್ಲ. ಮೂರು ಗಂಟೆ ಉರಿಯುವುದೆಂದು ತನ್ನ ಬಚ್ಚಲಲ್ಲಿ ಎರಡು ಬಾರಿ ಪರೀಕ್ಷಿಸಿದ್ದ ಮೇಣದ ಬತ್ತಿಯನ್ನು ಕಟ್ಟುಗಳ ನಡುವೆ ನಿಲ್ಲಿಸಿ ಹಚ್ಚಿದ. ಕೋಣೆಯ ಬಾಗಿಲು ಮುಚ್ಚಿದ. ಕೀಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇಟ್ಟ. ಆಗ ಹನ್ನೊಂದು ಗಂಟೆ.

ಹನ್ನೆರಡಕ್ಕೆ ಮನೆ ಸೇರಿ, ಕೈ ತೊಳೆದು, ಊಟ ಮಾಡಿದ. ಪಕ್ಕದ ಮನೆಯಾಕೆಯನ್ನು ಬೇಕೆಂದೇ ಮಾತಿಗೆಳೆದ.

"ಏನಪ್ಪಾ, ಬೆಳಗ್ಗಿಂದ ಕಂಪ್ಯೂಟರ್ ಮುಂದೇನೇ ಕೂತಿದೀಯ?" ಎಂದಳು ಆಕೆ.

"ಏನ್ಮಾಡೋದು ಅತ್ತೆ, ಅಕ್ಕನ ಕೆಲಸ. ಬೆನ್ನು ಬಿದ್ದೇ ಹೋಯ್ತು."

"ಪುಣ್ಯವಂತೆ ನಿಮ್ಮಕ್ಕ," ಎಂದು ಆಕೆ ಒಳಗೆ ಹೋದಳು. ಒಂದು ಗಂಟೆಗೆ ಸ್ವಲ್ಪ ಮುಂಚೆ ಫೋನ್ ಸಣ್ಣಗೆ ಸದ್ದು ಮಾಡಿತು: ಅಕ್ಕ ಫೋಟೋ ಕಳಿಸಿದ್ದಳು. ಜಾಲತಾಣಕ್ಕೆ ಹಾಕಲೆಂದು ದಿನವೂ ಯಾವುದಾದರೂ ನಾಯಿಯ ಫೋಟೋ ಕಳಿಸುವುದು ಅವಳ ವಾಡಿಕೆ; ಅವು ರಾಶಿ ಬೀಳುವುದು ಇವನ ವಾಡಿಕೆ. ತೆರೆಯಲಿಲ್ಲ. ಹಾಯಾಗಿ ಕಾಲು ಚಾಚಿದ.

ಮೂರು ಗಂಟೆಗೆ ಅಗ್ನಿಶಾಮಕ ವಾಹನದ ಗಂಟೆ ದೂರದಿಂದ ಕೇಳಿಸಿತು. ಆ ಹೊತ್ತಿನಲ್ಲೂ ಮೇಜಿನ ಮುಂದಿದ್ದೆನೆಂಬುದಕ್ಕೆ ಇನ್ನೊಂದು ಸಾಕ್ಷಿ ಇರಲೆಂದು, ಅಕ್ಕನ ಫೋಟೋವನ್ನು ಮೊದಲ ಪುಟಕ್ಕೇರಿಸಲು ತೆರೆದ. ಫೋಟೋದಲ್ಲಿದ್ದದ್ದು ಮೇಷ್ಟ್ರ ಮುದಿ ನಾಯಿ. ಅದು ಮಲಗಿದ್ದದ್ದು ತಂಗುಮನೆಯ ಸಿಮೆಂಟಿನ ಮೇಲಲ್ಲ, ಅವನು ಬೆಳಿಗ್ಗೆ ಹತ್ತಿಳಿದ ಮರದ ಮೆಟ್ಟಿಲುಗಳ ಬುಡದಲ್ಲಿ. ಕೆಳಗೆ ಅಕ್ಕನ ಮಾತು: "ಮೂರು ದಿನದಿಂದ ಒಂದು ತುತ್ತೂ ಮುಟ್ಟಿಲ್ಲ ಕಣೋ ಇವನು. ಅದಕ್ಕೆ ಅವನ ಮನೆಗೇ ಕರ್ಕೊಂಡು ಬಂದೆ. ಬಂದ ತಕ್ಷಣ ತಟ್ಟೆ ನೆಕ್ಕಿಬಿಟ್ಟ ನೋಡು. ನಾನೂ ನೆಗಡಿ ಮಾತ್ರೆ ತಗೊಂಡು ಇಲ್ಲೇ ಮಲಗ್ತೀನಿ. ಅಂದ್ಹಾಗೆ ವೆಬ್‌ಸೈಟ್ ನೋಡ್ದೆ. ಎಷ್ಟ್ ಚೆನ್ನಾಗಿ ತಿದ್ದಿದೀಯೋ." ಉಪವಾಸ ಹಿಡಿದ ಮುದಿ ನಾಯಿಯನ್ನು ಅದರ ಮನೆಗೇ ಕರೆದೊಯ್ದು ಜೊತೆಗಿರುವುದು ಅವಳು ಎಷ್ಟೋ ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿ, ಅದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ, ಏಕೆಂದರೆ ದಿನವಿಡೀ ಏನು ಮಾಡುತ್ತೀಯೆಂದು ಅವನು ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ. ಅವನು ಕರೆ ಮಾಡಿದ. ಅತ್ತ ರಿಂಗಾಗುತ್ತಲೇ ಇದೆ. ಓದುಗರೇ, ನಿಮ್ಮಲ್ಲಿ ಯಾರಾದರೂ ಆ ಬೀದಿಯಲ್ಲಿದ್ದರೆ, ಮೇಷ್ಟ್ರು ಊರಲ್ಲಿಲ್ಲ, ಮನೆ ಖಾಲಿ ಎಂದು ಹೇಳುತ್ತ ಗುಂಪಿನಲ್ಲಿ ನಿಂತು ನೋಡಬೇಡಿ. ದಯವಿಟ್ಟು ಓಡಿಹೋಗಿ ಬಾಗಿಲು ಬಡಿಯಿರಿ.